ಆಟ ಏನನ್ನು ಎಣಿಸುತ್ತದೆ

(ಚಿತ್ರದುರ್ಗದಲ್ಲಿ ಪದವಿ ವಿದ್ಯಾರ್ಥಿಗಳು ಮತ್ತು ಶಿಕ್ಷಕರ ಮುಂದೆ ನೀಡಿದ ಉಪನ್ಯಾಸವನ್ನು, ಮಾತಿನಲ್ಲಿ ಬಂದ ಪುನರುಕ್ತಿಗಳನ್ನು ತೆಗೆದು, ಇಲ್ಲಿ ಬರಹಕ್ಕೆ ಇಳಿಸಿದ್ದೇನೆ.)

ನಿನ್ನೆ ಸಂಜೆ ದಾವಣಗೆರೆಯಿಂದ ಬಂದವನು ನೇರವಾಗಿ ಕೋಟೆಗೆ ಹೋದೆ. ಓಬವ್ವನ ಕಿಂಡಿಯ ಮುಂದೆ ಒಂದು ಕುಟುಂಬ ನಿಂತಿತ್ತು. ಮಾರ್ಗದರ್ಶಿ ಕಥೆಯನ್ನು ಹೇಳಿ ಮುಗಿಸುತ್ತಿದ್ದ. ಕಾವಲುಗಾರ ಊಟಕ್ಕೆಂದು ಮನೆಗೆ ಬಂದದ್ದು, ನೀರು ತರಲು ಹೊರಟ ಅವನ ಹೆಂಡತಿಗೆ ಬಂಡೆಯ ಸಂದಿಯಿಂದ ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ನುಸುಳುವುದು ಕಂಡದ್ದು, ಉಣ್ಣುತ್ತಿದ್ದ ಗಂಡನನ್ನು ಎಬ್ಬಿಸದೆ ಆಕೆ ಒನಕೆ ಹಿಡಿದು ಕಿಂಡಿಯ ಪಕ್ಕದಲ್ಲಿ ನಿಂತದ್ದು, ಹೀಗೆ ನಾವೆಲ್ಲ ಬಲ್ಲ ಕಥೆ. ಎಂಟೊಂಬತ್ತು ವರ್ಷದ ಹುಡುಗನೊಬ್ಬ ಕಿಂಡಿಯೊಳಗೆ ಇಣುಕಿ ನೋಡಿ, ತಿರುಗಿ ನಿಂತು, "ಒಟ್ಟು ಎಷ್ಟು ಜನಾನ ಹೊಡೆದ್ಲು?" ಎಂದು ಕೇಳಿದ. ಮಾರ್ಗದರ್ಶಿ ಯಾವುದೋ ಒಂದು ಸಂಖ್ಯೆ ಹೇಳಿದ. ಹುಡುಗನಿಗೆ ತೃಪ್ತಿಯಾಯಿತು, ಮೆಟ್ಟಿಲಿನ ಕಡೆಗೆ ಓಡಿದ.

ಆ ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ಅವನು ಆಡುವ ಮೊಬೈಲ್ ಆಟಗಳಲ್ಲಿ ಹೊಡೆದವರ ಲೆಕ್ಕ ಪರದೆಯ ಮೂಲೆಯಲ್ಲಿ ಸದಾ ಇರುತ್ತದೆ, ಆದ್ದರಿಂದ ಕಥೆ ಕೇಳುತ್ತಿದ್ದಾಗಲೇ ಅವನು ಅದನ್ನು ಮನಸ್ಸಿನಲ್ಲಿ ಆಟವಾಗಿ ಕಟ್ಟಿಕೊಂಡಿದ್ದ. ಹದಿಮೂರು ವರ್ಷಗಳಿಂದ ಆಟಗಳಿಗೆ ಪ್ರೋಗ್ರಾಂ ಬರೆದು ಬದುಕುತ್ತಿರುವ ನನಗೆ ರಾತ್ರಿಯೆಲ್ಲ ಆ ಪ್ರಶ್ನೆ ಕಾಡಿತು. ಒಂದು ಆಟ ಏನನ್ನು ಎಣಿಸುತ್ತದೆ, ಏನನ್ನು ಎಣಿಸದೆ ಬಿಡುತ್ತದೆ, ಎಣಿಸಿದ್ದರ ಭಾರವನ್ನು ಯಾರ ಕೈಗೆ ಹೊರಿಸುತ್ತದೆ ಎಂಬುದರಲ್ಲೇ ಅದರ ಕಥೆಯೂ ಇದೆ, ನೀತಿಯೂ ಇದೆ ಎಂದು ನಾನು ನಂಬಿದ್ದೇನೆ. ಪಾತ್ರಗಳ ಸಂಭಾಷಣೆ, ನಡುನಡುವೆ ತೋರಿಸುವ ಸಿನಿಮಾದಂಥ ದೃಶ್ಯಗಳು, ಇವೆಲ್ಲ ಆಮೇಲಿನವು.

ಆಟ ತಯಾರಿಸುವವರು ಗೇಮ್ ಮೆಕ್ಯಾನಿಕ್ಸ್ ಎಂದು ಕರೆಯುವುದಕ್ಕೆ ನಾನು ಇಲ್ಲಿ 'ಕಟ್ಟಳೆ' ಎಂಬ ನಮ್ಮ ಹಳೆಯ ಮಾತನ್ನು ಬಳಸುತ್ತೇನೆ. ಆಟಗಾರ ಏನು ಮಾಡಬಹುದು, ಏನು ಮಾಡಲಾಗದು, ಮಾಡಿದ್ದಕ್ಕೆ ಏನು ದಕ್ಕುತ್ತದೆ, ಏನು ಕಳೆಯುತ್ತದೆ, ಮಾಡುವಾಗ ಅವನ ಬೆರಳು ಯಾವ ಗುಂಡಿಯನ್ನು ಎಷ್ಟು ಹೊತ್ತು ಒತ್ತಿ ಹಿಡಿದಿರಬೇಕು, ಇವೆಲ್ಲ ಸೇರಿದರೆ ಕಟ್ಟಳೆ. ಕನ್ನಡದಲ್ಲಿ ಬಯಲಾಟವೂ ಆಟವೇ, ಚೌಕಾಬಾರವೂ ಆಟವೇ. ಒಂದರಲ್ಲಿ ಕಥೆ ಇದೆ, ಇನ್ನೊಂದರಲ್ಲಿ ಕಟ್ಟಳೆ ಇದೆ. ವಿಡಿಯೊ ಗೇಮ್‌ನಲ್ಲಿ ಇವೆರಡೂ ಒಟ್ಟಿಗೆ ಬಂದಾಗ ಏನಾಗುತ್ತದೆ ಎಂಬುದನ್ನು ನಮ್ಮ ವ್ಯಾಕರಣವೇ ತೋರಿಸಿಕೊಡುತ್ತದೆ. ರಾತ್ರಿಯಿಡೀ ಬಯಲಾಟ ನೋಡಿ ಬಂದವರು ಬೆಳಿಗ್ಗೆ "ಭೀಮ ದುಶ್ಶಾಸನನನ್ನು ಕೊಂದನು" ಎನ್ನುತ್ತಾರೆ. ವಿಡಿಯೊ ಗೇಮ್ ಆಡಿ ಎದ್ದ ಹುಡುಗ, ಪರದೆಯ ಮೇಲೆ ಕೊಂದವನು ಯಾವ ದೇಶದ ಯಾವ ಸೈನಿಕನೇ ಆಗಿರಲಿ, "ನಾನು ಕೊಂದೆನು" ಎನ್ನುತ್ತಾನೆ. 'ಕೊಂದನು' ಎಂಬುದು 'ಕೊಂದೆನು' ಆಗಲು ಬೇಕಾದದ್ದು ಒಂದು ಸ್ವರ. ಭೀಮನ ಕಾರ್ಯಕ್ಕೆ ನೋಡುಗ ಮರುಗಬಹುದು, ಮೆಚ್ಚಬಹುದು, ಆದರೆ ಅದಕ್ಕೆ ಉತ್ತರ ಕೊಡಬೇಕಾದವನು ಅವನಲ್ಲ. ಆ ಸ್ವರ ಬದಲಾದ ಕೂಡಲೇ ಉತ್ತರ ಕೊಡುವ ಹೊಣೆ ಕುಳಿತು ಆಡುವವನ ಮೇಲೆ ಬೀಳುತ್ತದೆ. ಈ ಹೊಣೆಯನ್ನು ಹೇಗೆ ಬಳಸಬೇಕೆಂದು ತಿಳಿದ ಆಟಗಳು ಕೆಲವು, ಅದನ್ನು ವ್ಯರ್ಥ ಮಾಡಿದ ಆಟಗಳು ಹಲವು.

ಕಟ್ಟಳೆಯೇ ನೀತಿಯ ಪ್ರಶ್ನೆಯಾಗುವುದು ನಮಗೆ ಹೊಸತಲ್ಲ. ದ್ಯೂತದ ಸಭೆಗೆ ದ್ರೌಪದಿಯನ್ನು ಎಳೆದು ತಂದಾಗ ಅವಳು ಕೇಳುವ ಪ್ರಶ್ನೆಯನ್ನು ನೆನಪಿಸಿಕೊಳ್ಳಿ. ಧರ್ಮರಾಜ ನನ್ನನ್ನು ಮೊದಲು ಸೋತನೋ, ತನ್ನನ್ನು ಮೊದಲು ಸೋತನೋ ಎಂದು ಅವಳು ಕೇಳುತ್ತಾಳೆ. ಅದು ಕರುಣೆಗಾಗಿ ಮಾಡಿದ ಮೊರೆಯಲ್ಲ. ದಾಳಗಳು ಉರುಳಿದ ಅನುಕ್ರಮದ ಬಗ್ಗೆ, ತನ್ನನ್ನೇ ಸೋತವನಿಗೆ ಪಣವಿಡುವ ಹಕ್ಕು ಉಳಿದಿರುತ್ತದೆಯೇ ಎಂಬುದರ ಬಗ್ಗೆ ಎತ್ತಿದ, ಶುದ್ಧವಾಗಿ ಕಟ್ಟಳೆಗೆ ಸೇರಿದ ಪ್ರಶ್ನೆ. ಅದಕ್ಕೆ ಭೀಷ್ಮನಿಂದಲೂ ಉತ್ತರ ಬರಲಿಲ್ಲ.

ನಮ್ಮ ಅಜ್ಜಿಯ ಮನೆಯಲ್ಲಿ ವೈಕುಂಠ ಏಕಾದಶಿಯ ರಾತ್ರಿ ಜಾಗರಣೆಗೆಂದು ಪರಮಪದದ ಪಟವನ್ನು ಹಾಸುತ್ತಿದ್ದರು. ಇಂದು ಎಲ್ಲ ಮಕ್ಕಳೂ ಆಡುವ ಹಾವು-ಏಣಿ ಆಟದ ಹಿರಿಯಕ್ಕ ಅದು. ಏಣಿಗಳಿಗೆ ಗುಣಗಳ ಹೆಸರು, ಹಾವುಗಳಿಗೆ ದೋಷಗಳ ಹೆಸರು, ತುದಿಯಲ್ಲಿ ವೈಕುಂಠ. ಈ ಆಟ ಇಂಗ್ಲೆಂಡಿಗೆ ಹೋದಮೇಲೆ, ಕಾಲ ಕಳೆದಂತೆ ಆ ಹೆಸರುಗಳೆಲ್ಲ ಉದುರಿಹೋಗಿ ಬರಿಯ ಹಾವು, ಬರಿಯ ಏಣಿ ಉಳಿದವು. ಅಜ್ಜಿಯ ಪಟದಲ್ಲಿ ವೈಕುಂಠದ ಬಾಗಿಲಿಗೆ ಹತ್ತಿರವೇ ಒಂದು ಉದ್ದನೆಯ ಹಾವಿತ್ತು, ಅದು ಕಚ್ಚಿದರೆ ಕೆಳಗಿನ ಸಾಲಿಗೇ ಬರಬೇಕು. ಅಹಂಕಾರ ಮೇಲೇರಿದವನನ್ನೇ ಹಿಡಿಯುತ್ತದೆ ಎಂದು ಅಜ್ಜಿ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಹಾವು ಇದ್ದ ಜಾಗವೇ ಹೇಳುತ್ತಿತ್ತು. ಆದರೂ ಆ ಪಟಕ್ಕೆ ಒಂದು ಮಿತಿ ಇದೆ. ಅಲ್ಲಿ ಎಲ್ಲವನ್ನೂ ದಾಳ ನಿರ್ಧರಿಸುತ್ತದೆ, ಆಡುವವರು ಕಾಯಿ ಸರಿಸುವುದಷ್ಟೇ. ಕರ್ಮದ ಫಲವನ್ನು ಅದು ಚೆನ್ನಾಗಿ ತೋರಿಸುತ್ತದೆ, ಕರ್ಮವನ್ನು ಮಾಡಲು ಮಾತ್ರ ಬಿಡುವುದಿಲ್ಲ.

ಅಮೆರಿಕದ ಲಿಝಿ ಮ್ಯಾಗಿ ಎಂಬ ಮಹಿಳೆ 1904ರಲ್ಲಿ ಪೇಟೆಂಟ್ ಪಡೆದ ಜಮೀನ್ದಾರರ ಆಟ ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಯಿತು. ಭೂಮಿಯ ಬಾಡಿಗೆ ಹೇಗೆ ಕೆಲವರನ್ನು ಕೊಬ್ಬಿಸಿ ಉಳಿದವರನ್ನು ಬರಿಗೈ ಮಾಡುತ್ತದೆ ಎಂಬುದನ್ನು ತೋರಿಸುವುದು ಅವರ ಉದ್ದೇಶವಾಗಿತ್ತು. ಅದೇ ಹಲಗೆಗೆ ಅವರು ಎರಡು ಬಗೆಯ ಕಟ್ಟಳೆಗಳನ್ನು ರೂಪಿಸಿದರು: ಒಂದರಲ್ಲಿ ಸಂಪತ್ತು ಬೆಳೆದಂತೆ ಎಲ್ಲರಿಗೂ ಪಾಲು, ಇನ್ನೊಂದರಲ್ಲಿ ಉಳಿದವರೆಲ್ಲ ದಿವಾಳಿಯಾಗುವ ತನಕ ಒಬ್ಬನದೇ ಏಕಸ್ವಾಮ್ಯ. 1935ರಲ್ಲಿ ಪಾರ್ಕರ್ ಬ್ರದರ್ಸ್ ಕಂಪನಿ ಮೊನೊಪೊಲಿ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದದ್ದು ಈ ವಂಶದ ಆಟವನ್ನೇ, ಆದರೆ ಎರಡನೆಯ ಕಟ್ಟಳೆಯೊಂದಿಗೆ ಮಾತ್ರ. ನಾವು ಬೇಸಿಗೆ ರಜೆಯಲ್ಲಿ ಊರುಗಳನ್ನು ಕೊಂಡು ಮನೆ ಕಟ್ಟಿ ಆಡುತ್ತಿದ್ದ 'ಬಿಸಿನೆಸ್' ಆಟ ಅದರ ಮೊಮ್ಮಗು. ತಮ್ಮನನ್ನು ದಿವಾಳಿ ಮಾಡಿ ನಾನು ಎಷ್ಟು ಕುಣಿದಿದ್ದೆ ಎಂಬುದು ನನಗೆ ಇನ್ನೂ ನೆನಪಿದೆ. ಹಲಗೆ ಅದೇ, ಕಾಯಿ ಅದೇ, ಕಟ್ಟಳೆಯೊಂದು ಬದಲಾದದ್ದರಿಂದ ಎಚ್ಚರಿಕೆ ಹೇಳಲು ಹುಟ್ಟಿದ ಆಟ ದುರಾಸೆಯನ್ನು ಸಂಭ್ರಮಿಸುವ ಆಟವಾಗಿ ಹೋಯಿತು.

ಇನ್ನು ವಿಡಿಯೊ ಗೇಮ್‌ಗಳಿಗೆ ಬರುತ್ತೇನೆ. ಕಂಪ್ಯೂಟರ್ ಮಾಡಬಲ್ಲ, ಹಲಗೆ ಮಾಡಲಾಗದ ಒಂದು ಕೆಲಸವೆಂದರೆ ಗುಟ್ಟಾಗಿ ಎಣಿಸುವುದು. ರಿಚರ್ಡ್ ಗ್ಯಾರಿಯಟ್ 1985ರಲ್ಲಿ ಹೊರತಂದ 'ಅಲ್ಟಿಮಾ 4' ಎಂಬ ಆಟದ ಉಪಶೀರ್ಷಿಕೆಯಲ್ಲಿ 'ಅವತಾರ' ಎಂಬ ನಮ್ಮ ಮಾತೇ ಇದೆ. ಕೊನೆಯಲ್ಲಿ ಕೊಲ್ಲಬೇಕಾದ ದುಷ್ಟ ಮಾಂತ್ರಿಕನೊಬ್ಬ ಅಲ್ಲಿಲ್ಲ. ಪ್ರಾಮಾಣಿಕತೆ, ಕರುಣೆ, ವಿನಯ ಮೊದಲಾದ ಎಂಟು ಸದ್ಗುಣಗಳನ್ನು ಸಾಧಿಸುವುದೇ ಗುರಿ. ಅದರಲ್ಲಿ ಮಂತ್ರದ ಬೇರುನಾರುಗಳನ್ನು ಮಾರುವವರು ಕುರುಡರು. ಎಷ್ಟಾಯಿತೆಂದು ಅವರು ಹೇಳುತ್ತಾರೆ, ಎಷ್ಟು ಕೊಡಬೇಕೆಂಬುದನ್ನು ಆಟಗಾರನೇ ಟೈಪ್ ಮಾಡಬೇಕು. ಕಡಿಮೆ ಕೊಟ್ಟರೆ ಯಾರೂ ಬೈಯುವುದಿಲ್ಲ, ಗಂಟೆ ಬಾರಿಸುವುದಿಲ್ಲ, ಕಾವಲುಗಾರ ಓಡಿ ಬರುವುದಿಲ್ಲ. ಆದರೆ ಪ್ರಾಮಾಣಿಕತೆಯ ಲೆಕ್ಕದಲ್ಲಿ ಅಷ್ಟು ಕಡಿತವಾಗಿರುತ್ತದೆ, ಮತ್ತು ಅದು ಎಷ್ಟೋ ಹೊತ್ತಿನ ನಂತರ ಆಟಗಾರನಿಗೆ ಅಡ್ಡ ಬರುತ್ತದೆ. ಯಾರೂ ನೋಡದಿರುವಾಗ ನಾವು ಏನಾಗಿರುತ್ತೇವೆ ಎಂಬುದನ್ನು ಪರೀಕ್ಷಿಸಲು ಇದಕ್ಕಿಂತ ಸರಳವಾದ ಕಟ್ಟಳೆಯನ್ನು ನಾನು ಕಂಡಿಲ್ಲ.

ಮುಂದಿನ ದಶಕಗಳಲ್ಲಿ ಬಂದ ಹಲವು ಆಟಗಳು ಈ ಗುಟ್ಟಿನ ಲೆಕ್ಕವನ್ನು ಬಯಲಿಗೆ ತಂದವು. ಒಳ್ಳೆಯದು ಮಾಡಿದರೆ ಪರದೆಯ ಮೇಲಿನ ಅಳತೆಯ ಪಟ್ಟಿ ನೀಲಿಯ ಕಡೆಗೆ, ಕೆಟ್ಟದ್ದು ಮಾಡಿದರೆ ಕೆಂಪಿನ ಕಡೆಗೆ ಸರಿಯುತ್ತದೆ. ತುದಿ ಮುಟ್ಟಿದರೆ ವಿಶೇಷ ಶಕ್ತಿ ಸಿಗುತ್ತದೆ. ಪ್ರತಿ ಭೇಟಿಯಲ್ಲೂ ಎರಡು ವಾಕ್ಯಗಳ ಆಯ್ಕೆ, ಒಂದು ಸಂತನದು, ಇನ್ನೊಂದು ರೌಡಿಯದು. ಇದು ನೀತಿಯನ್ನು ಆಟಕ್ಕೆ ತಂದಂತೆ ಕಾಣುತ್ತದೆ, ನನ್ನ ದೃಷ್ಟಿಯಲ್ಲಿ ಹೊರಗೆ ಹಾಕುತ್ತದೆ. ಪಟ್ಟಿ ಕಣ್ಣಿಗೆ ಕಂಡ ಕ್ಷಣದಿಂದ ಆಟಗಾರ ಎದುರಿಗಿರುವ ಮನುಷ್ಯನನ್ನು ನೋಡುವುದನ್ನು ಬಿಟ್ಟು ಪಟ್ಟಿಯನ್ನು ನೋಡತೊಡಗುತ್ತಾನೆ, ಭಿಕ್ಷುಕನಿಗೆ ಕೊಟ್ಟ ನಾಣ್ಯ ಅವನ ಮಟ್ಟಿಗೆ ಖಾತೆಗೆ ಕಟ್ಟಿದ ಕಂತಾಗುತ್ತದೆ.

ಇದಕ್ಕೆ ಅತ್ಯಂತ ಸ್ಪಷ್ಟವಾದ ಉದಾಹರಣೆ, ಬಹಳ ಮೆಚ್ಚುಗೆ ಪಡೆದ ಆಟವೊಂದರಲ್ಲೇ ಇದೆ. 2007ರ 'ಬಯೋಶಾಕ್'ನಲ್ಲಿ, ಸಮುದ್ರದ ತಳದ ಹಾಳು ನಗರದಲ್ಲಿ, ಮೈಯಲ್ಲಿ 'ಆಡಂ' ಎಂಬ ಅಮೂಲ್ಯ ದ್ರವ್ಯವನ್ನು ಹೊತ್ತ ಪುಟ್ಟ ಹುಡುಗಿಯರು ಎದುರಾಗುತ್ತಾರೆ. ಹುಡುಗಿಯನ್ನು ಕೊಂದರೆ 160 ಆಡಂ, ಬಿಡುಗಡೆ ಮಾಡಿದರೆ 80. ಬದುಕಿಗೆ ಬೇಕಾದದ್ದನ್ನು ಅರ್ಧಕ್ಕೆ ಇಳಿಸಿಕೊಂಡು ಮಗುವನ್ನು ಉಳಿಸುತ್ತೀಯಾ ಎಂದು ಕಥೆ ಕೇಳುತ್ತದೆ, ಅದು ದೊಡ್ಡ ಪ್ರಶ್ನೆಯೇ. ಆದರೆ ಮೂವರು ಹುಡುಗಿಯರನ್ನು ಉಳಿಸಿದಾಗಲೆಲ್ಲ 200 ಆಡಂ ಉಡುಗೊರೆಯಾಗಿ ಬರುತ್ತದೆ. ಲೆಕ್ಕ ಹಾಕಿ: ಮೂವರನ್ನು ಕೊಂದವನಿಗೆ 480, ಉಳಿಸಿದವನಿಗೆ 440, ಜೊತೆಗೆ ಬೇರೆ ಉಡುಗೊರೆಗಳು. ಕಥೆ ತ್ಯಾಗವೆಂದು ಕರೆದದ್ದನ್ನು ಕಟ್ಟಳೆ ಸ್ವಲ್ಪ ತಡವಾಗಿ ಬರುವ ಪಗಾರವನ್ನಾಗಿ ಮಾಡಿತು. ಕ್ಲಿಂಟ್ ಹಾಕಿಂಗ್ ಎಂಬ ಆಟ ವಿನ್ಯಾಸಕಾರ ಅದೇ ವರ್ಷ ಈ ಆಟವನ್ನು ವಿಮರ್ಶಿಸುತ್ತ, ಕಥೆ ಹೇಳುವ ಮಾತಿಗೂ ಕಟ್ಟಳೆ ಹೇಳುವ ಮಾತಿಗೂ ನಡುವಿನ ಅಪಶ್ರುತಿಗೆ ಒಂದು ಹೆಸರನ್ನೇ ಕೊಟ್ಟರು. ಆ ಚರ್ಚೆ ಇಂದಿಗೂ ನಿಂತಿಲ್ಲ. ಶ್ರುತಿಪೆಟ್ಟಿಗೆ ಒಂದು ಸ್ವರದ ಮನೆಯಲ್ಲಿದ್ದು ಹಾಡುಗಾರ ಇನ್ನೊಂದು ಮನೆಯಲ್ಲಿ ಹಾಡಿದರೆ ಕೇಳುವವರು ನಂಬುವುದು ಶ್ರುತಿಯನ್ನೇ. ಹಾಗೆಯೇ ಕಥೆಗೂ ಕಟ್ಟಳೆಗೂ ಜಗಳವಾದಾಗ ಆಟಗಾರನ ಕೈ ನಂಬುವುದು ಕಟ್ಟಳೆಯನ್ನು.

ಹಾಗಾದರೆ ಎಣಿಕೆಯನ್ನು ಸರಿಯಾಗಿ ಬಳಸುವುದು ಹೇಗೆ? ಲ್ಯೂಕಸ್ ಪೋಪ್ ಎಂಬ ಒಬ್ಬ ವ್ಯಕ್ತಿ ರೂಪಿಸಿ 2013ರಲ್ಲಿ ಬಿಡುಗಡೆ ಮಾಡಿದ 'ಪೇಪರ್ಸ್, ಪ್ಲೀಸ್' ಆಟದ ಬಗ್ಗೆ ನಾನು ಸ್ವಲ್ಪ ನಿಧಾನವಾಗಿ ಹೇಳಬೇಕು. ಆರ್ಸ್ಟೊಟ್ಸ್ಕಾ ಎಂಬ ಕಲ್ಪಿತ ದೇಶದ ಗಡಿಯಲ್ಲಿ, 1982ರಲ್ಲಿ, ಲಾಟರಿಯಲ್ಲಿ ಸಿಕ್ಕ ಉದ್ಯೋಗದ ಮೇಲೆ ನೀವು ತಪಾಸಣೆಯ ಗುಮಾಸ್ತರಾಗಿ ಕುಳಿತಿರುತ್ತೀರಿ. ಕಿಟಕಿಯ ಆಚೆ ಸರದಿ. ಒಬ್ಬೊಬ್ಬರೂ ಕಾಗದ ಕೊಡುತ್ತಾರೆ, ನೀವು ಹೆಸರು, ದಿನಾಂಕ, ಭಾವಚಿತ್ರ, ಮುದ್ರೆಗಳನ್ನು ಹೋಲಿಸಿ ನೋಡಿ ಒಪ್ಪಿಗೆಯ ಇಲ್ಲವೇ ನಿರಾಕರಣೆಯ ಠಸ್ಸೆ ಒತ್ತುತ್ತೀರಿ. ಸರಿಯಾಗಿ ತೀರ್ಮಾನಿಸಿದ ಪ್ರತಿಯೊಬ್ಬರಿಗೂ 5 ಕ್ರೆಡಿಟ್ ಸಂಬಳ. ಸಂಜೆ ಲೆಕ್ಕದ ಪುಟ ಬರುತ್ತದೆ: ಬಾಡಿಗೆ, ಊಟ, ಚಳಿಗೆ ಮನೆ ಬೆಚ್ಚಗಿಡುವ ಖರ್ಚು, ಮಗನಿಗೆ ಜ್ವರ ಬಂದಿದ್ದರೆ ಔಷಧಿ. ಹಣ ಎಲ್ಲದಕ್ಕೂ ಸಾಲುವುದು ಅಪರೂಪ. ದಿನ ಕಳೆದಂತೆ ಸರ್ಕಾರದ ಸುತ್ತೋಲೆಗಳು ಹೆಚ್ಚುತ್ತವೆ, ನೋಡಬೇಕಾದ ಕಾಗದಗಳು ಹೆಚ್ಚುತ್ತವೆ, ಮೇಜು ಮಾತ್ರ ಅಷ್ಟೇ ಇರುತ್ತದೆ. ಕಾಗದಗಳು ಒಂದರ ಮೇಲೊಂದು ಬಿದ್ದು, ಬೇಕಾದದ್ದು ಅಡಿಗೆ ಹೋಗಿ, ಹುಡುಕುವುದರಲ್ಲೇ ಹೊತ್ತು ಕಳೆಯುತ್ತದೆ. ಆ ಇಕ್ಕಟ್ಟು ವಿನ್ಯಾಸದ ದೋಷವಲ್ಲ, ಆ ಗುಮಾಸ್ತನ ಬದುಕೇ ಅದು.

ಒಂದು ದಿನ ಒಬ್ಬ ಗಂಡಸು ಬರುತ್ತಾನೆ, ಅವನ ಕಾಗದಗಳೆಲ್ಲ ಸರಿಯಿವೆ. ಹೋಗುವ ಮೊದಲು, ಹಿಂದೆ ಬರುವವಳು ನನ್ನ ಹೆಂಡತಿ, ಅವಳ ಮೇಲೆ ದಯೆಯಿರಲಿ ಎನ್ನುತ್ತಾನೆ. ಹೆಂಡತಿಯ ಬಳಿ ಪ್ರವೇಶದ ಪರವಾನಗಿ ಇಲ್ಲ. ಇಲ್ಲಿ ನೀಲಿ ಪಟ್ಟಿಯಾಗಲಿ ಕೆಂಪು ಪಟ್ಟಿಯಾಗಲಿ ಕಾಣಿಸಿಕೊಳ್ಳುವುದಿಲ್ಲ, ಕೈಯಲ್ಲಿರುವುದು ಬೆಳಿಗ್ಗೆಯಿಂದ ಒತ್ತುತ್ತಿರುವ ಅದೇ ಎರಡು ಠಸ್ಸೆಗಳು. ಒಳಗೆ ಬಿಟ್ಟರೆ ತಪ್ಪಿನ ಚೀಟಿ ಬರುತ್ತದೆ. ದಿನಕ್ಕೆ ಮೊದಲ ಎರಡು ತಪ್ಪುಗಳಿಗೆ ಎಚ್ಚರಿಕೆ ಮಾತ್ರ, ಮೂರನೆಯದರಿಂದ ದಂಡ. ಈ ಒಂದು ಸಣ್ಣ ಕಟ್ಟಳೆಯ ಒಳಗೆ ಎಷ್ಟು ಇದೆ ನೋಡಿ: ಈ ಗುಮಾಸ್ತನಿಗೆ ದಿನಕ್ಕೆ ಎರಡು ದಯೆಗಳ ಅವಕಾಶವಿದೆ, ಮತ್ತು ಅವು ಅವನ ಕೈತಪ್ಪುಗಳ ಖಾತೆಯಿಂದಲೇ ಖರ್ಚಾಗಬೇಕು. ಆಡುತ್ತ ಆಡುತ್ತ ನಾನು ಆ ಎರಡನ್ನು ಸಂಜೆಯ ದಣಿವಿಗೆಂದು ಕೂಡಿಟ್ಟುಕೊಳ್ಳುತ್ತಿದ್ದೇನೆ ಎಂದು ನನಗೇ ತಿಳಿದಾಗ ಆಟ ನಿಲ್ಲಿಸಿ ಎದ್ದು ಹೋದೆ. ತಂದೆ ತೀರಿಕೊಂಡ ವರ್ಷ ಒಂದು ಕಚೇರಿಯ ಕಿಟಕಿಯ ಮುಂದೆ ನಾನು ಮತ್ತು ಅಮ್ಮ ನಾಲ್ಕು ಬಾರಿ ನಿಂತಿದ್ದೆವು. ಒಳಗಿದ್ದವರು ಒಮ್ಮೆಯೂ ತಲೆಯೆತ್ತಿ ಅಮ್ಮನ ಮುಖ ನೋಡಲಿಲ್ಲ. ಆ ಸಿಟ್ಟು ನನಗೆ ಇಂದಿಗೂ ಇದೆ, ಆಟ ಅದನ್ನು ಅಳಿಸಲಿಲ್ಲ. ಆದರೆ ಕಾಗದ ನೋಡುವ ಕಣ್ಣು ಮುಖ ನೋಡುವುದನ್ನು ಹೇಗೆ ಮರೆಯುತ್ತದೆ ಎಂಬುದನ್ನು ನಾನು ಯಾವ ಪ್ರಬಂಧದಿಂದಲೂ ಕಲಿತಿರಲಿಲ್ಲ. ನನ್ನ ಕಣ್ಣೇ ಅದನ್ನು ಎರಡು ಗಂಟೆಯೊಳಗೆ ಮರೆತಿತ್ತು.

ಎಣಿಸಿದ್ದನ್ನು ಹಿಂದಕ್ಕೆ ಕೊಡುವ ಆಟಗಳೂ ಇವೆ. ಹಿಡಿಯೊ ಕೊಜಿಮಾ ನಿರ್ದೇಶಿಸಿದ 'ಮೆಟಲ್ ಗಿಯರ್ ಸಾಲಿಡ್ 3' (2004) ಆಟದಲ್ಲಿ, ಕಣ್ಣು ತಪ್ಪಿಸಿ ದಾಟಬಹುದಾದ ಕಾವಲುಗಾರರನ್ನು ಅವಸರಕ್ಕೆ ಕೊಂದುಕೊಂಡು ಬಂದಿದ್ದೀರಿ ಎಂದುಕೊಳ್ಳಿ. ಕಥೆಯ ಒಂದು ಘಟ್ಟದಲ್ಲಿ ನಾಯಕ ಒಂದು ನದಿಯಲ್ಲಿ ನಡೆಯಬೇಕಾಗುತ್ತದೆ. ಎದುರಿನಿಂದ, ನೀವು ಆವರೆಗೆ ಕೊಂದವರೆಲ್ಲ ಒಬ್ಬೊಬ್ಬರಾಗಿ ನಡೆದು ಬರುತ್ತಾರೆ, ಕೊಂದ ಬಗೆಯ ಗಾಯವನ್ನು ಹೊತ್ತು. ಅಲ್ಲಿ ಗೆಲ್ಲಲು ಏನೂ ಇಲ್ಲ, ನಡೆಯುವುದೊಂದೇ. ಕಡಿಮೆ ಕೊಂದವನಿಗೆ ನದಿ ಬೇಗ ಮುಗಿಯುತ್ತದೆ, ಮನಬಂದಂತೆ ಕೊಂದವನಿಗೆ ಅದು ಮುಗಿಯುವಂತೆಯೇ ಕಾಣುವುದಿಲ್ಲ. ನಿನ್ನೆಯ ಹುಡುಗ ಕೇಳಿದ ಸಂಖ್ಯೆಯೇ ಇಲ್ಲೂ ಇದೆ, ಆದರೆ ಅದು ಪರದೆಯ ಮೂಲೆಯಲ್ಲಿ ಅಂಕಿಯಾಗಿ ಕೂರದೆ ನೀವು ನಡೆಯಬೇಕಾದ ದೂರವಾಗಿದೆ.

2015ರ 'ಅಂಡರ್‌ಟೇಲ್' ಇನ್ನೊಂದು ಸೌಕರ್ಯದ ಮೇಲೆ ಕೈಯಿಟ್ಟಿತು. ತಪ್ಪಾದರೆ, ಆಟವನ್ನು ಉಳಿಸಿಟ್ಟ ಹಿಂದಿನ ಹಂತಕ್ಕೆ, ಅಂದರೆ ಹಿಂದಿನ ಸೇವ್‌ಗೆ ಮರಳಿ ಬೇರೆ ಆಯ್ಕೆ ಮಾಡಬಹುದು ಎಂಬುದು ಆಟಗಾರರು ಹುಟ್ಟಿನಿಂದ ಬಂದ ಹಕ್ಕೆಂಬಂತೆ ಭಾವಿಸಿದ ವಿಷಯ. ಟೋಬಿ ಫಾಕ್ಸ್ ರೂಪಿಸಿದ ಈ ಆಟದಲ್ಲಿ, ತಾಯಿಯಂತೆ ಕಾಪಾಡಿದ ಪಾತ್ರವನ್ನು ಕೊಂದು, ಪಶ್ಚಾತ್ತಾಪದಿಂದ ಮರಳಿ ಬಂದು ಅವಳನ್ನು ಉಳಿಸಿದರೆ, ಇನ್ನೊಂದು ಪಾತ್ರ ಎದುರಾಗಿ, ನೀನು ಮೊದಲು ಏನು ಮಾಡಿದೆಯೆಂದು ನನಗೆ ಗೊತ್ತು ಎನ್ನುತ್ತದೆ. ಅಳಿಸಿದ ಲೆಕ್ಕವನ್ನು ಅಳಿಸದೆ ಇಟ್ಟುಕೊಂಡ ಆಟ ಅದು.

ಉರುಗ್ವೆಯ ಗೊನ್ಜಾಲೊ ಫ್ರಾಸ್ಕಾ 2003ರಲ್ಲಿ ಮಾಡಿದ 'ಸೆಪ್ಟೆಂಬರ್ 12' ಎಂಬ ಪುಟ್ಟ ಆಟವನ್ನು ವಿವರಿಸಲು ಒಂದು ನಿಮಿಷ ಸಾಕು. ಒಂದು ಪೇಟೆಬೀದಿ, ನಡುವೆ ಕೆಲವು ಉಗ್ರರು, ಸುತ್ತ ಸಾಮಾನ್ಯ ಜನ, ನಿಮ್ಮ ಕೈಯಲ್ಲಿ ಕ್ಷಿಪಣಿ. ಗುರಿಯಿಟ್ಟು ಬಿಟ್ಟರೆ ಅದು ಸ್ವಲ್ಪ ತಡವಾಗಿ ಬೀಳುತ್ತದೆ, ಅಷ್ಟರಲ್ಲಿ ಜನ ಸರಿದಿರುತ್ತಾರೆ, ದಾರಿಹೋಕರು ಸಾಯುತ್ತಾರೆ. ಅಳುತ್ತ ಬಂದವರು ಎದ್ದು ನಿಲ್ಲುವಾಗ ತಾವೇ ಉಗ್ರರಾಗಿರುತ್ತಾರೆ. ಗೆಲುವೂ ಇಲ್ಲ, ಸೋಲೂ ಇಲ್ಲ. ಒಂದು ಇಡೀ ರಾಜಕೀಯ ವಾದವನ್ನು ಕಟ್ಟಳೆಯಿಂದಲೇ ಮಂಡಿಸಿದ ಆಟವಿದು.

ಇಷ್ಟು ಹೊತ್ತು ಲೆಕ್ಕದ ಮಾತಾಯಿತು. ಲೆಕ್ಕಕ್ಕಿಂತಲೂ ಆಳಕ್ಕೆ ಇಳಿಯುವುದು ಕೈ. 2013ರಲ್ಲೇ ಬಂದ, ಜೋಸೆಫ್ ಫಾರೆಸ್ ನಿರ್ದೇಶಿಸಿದ 'ಬ್ರದರ್ಸ್' ಎಂಬ ಆಟದಲ್ಲಿ ಕಾಯಿಲೆ ಬಿದ್ದ ತಂದೆಗೆ ಔಷಧ ತರಲು ಅಣ್ಣ ತಮ್ಮ ಇಬ್ಬರು ಹೊರಡುತ್ತಾರೆ. ಎರಡು ಕೈಯಲ್ಲಿ ಹಿಡಿದು ಆಡುವ ಕಂಟ್ರೋಲರ್‌ನ ಎಡಭಾಗ ಅಣ್ಣನದು, ಬಲಭಾಗ ತಮ್ಮನದು. ಒಬ್ಬನೇ ಆಟಗಾರ ಎರಡು ಕೈಗಳಿಂದ ಇಬ್ಬರನ್ನೂ ನಡೆಸಬೇಕು. ತಾಯಿ ನೀರಿನಲ್ಲಿ ಮುಳುಗಿ ಸತ್ತದ್ದನ್ನು ಕಂಡ ತಮ್ಮನಿಗೆ ನೀರೆಂದರೆ ಭಯ, ಹೊಳೆ ಬಂದಾಗಲೆಲ್ಲ ಅಣ್ಣನ ಬೆನ್ನಿಗೆ ಅಂಟಿಕೊಂಡೇ ದಾಟುತ್ತಾನೆ. ಕೊನೆಗೆ ಅಣ್ಣ ಸಾಯುತ್ತಾನೆ. ಅಲ್ಲಿಂದ ಮುಂದೆ ಎಡಗೈಗೆ ಕೆಲಸವಿಲ್ಲ. ಅಷ್ಟು ಹೊತ್ತು ದುಡಿದ ಹೆಬ್ಬೆರಳು ಸುಮ್ಮನೆ ಕುಳಿತಿರುತ್ತದೆ, ಮತ್ತು ಆ ಖಾಲಿತನವನ್ನು ಕಣ್ಣಿಗಿಂತ ಮೊದಲು ಕೈಯೇ ಗುರುತಿಸುತ್ತದೆ. ಊರಿನ ದಾರಿಯಲ್ಲಿ ಮತ್ತೆ ಹೊಳೆ ಅಡ್ಡ ಬರುತ್ತದೆ. ತಮ್ಮನ ಗುಂಡಿ ಒತ್ತಿದರೆ ಅವನು ಹೆದರಿ ಹಿಂಜರಿಯುತ್ತಾನೆ. ಬೇರೆ ದಾರಿ ಕಾಣದೆ ಆಟಗಾರ ಎಂದೋ ಬಿಟ್ಟ ಅಣ್ಣನ ಗುಂಡಿಯನ್ನು ಒತ್ತಿದಾಗ ತಮ್ಮ ನೀರಿಗಿಳಿದು ಈಜುತ್ತಾನೆ.

ಸತ್ತವರು ನಮ್ಮೊಳಗೆ ಇರುತ್ತಾರೆ ಎಂಬ ಮಾತನ್ನು ನಾವು ಎಷ್ಟೋ ಮರಣದ ಮನೆಗಳಲ್ಲಿ ಕೇಳಿದ್ದೇವೆ, ಹೇಳಿದ್ದೇವೆ. ಆ ಮಾತು ನನ್ನ ಎಡಗೈಯ ಬೆರಳಿಗೆ ಗೊತ್ತಾದದ್ದು ಅಂದು. ಕಾದಂಬರಿಯಾಗಲಿ ಸಿನಿಮಾವಾಗಲಿ ಇದನ್ನು ಬೇರೆ ಬಗೆಯಲ್ಲಿ, ಬಹುಶಃ ಇನ್ನೂ ಚೆನ್ನಾಗಿ ಮಾಡಿಯಾವು, ಆದರೆ ಹೀಗೆಯೇ ಮಾಡಲು ಅವುಗಳಿಗೆ ಸಾಧ್ಯವಿಲ್ಲ, ಏಕೆಂದರೆ ಅವುಗಳ ಬಳಿ ನಮ್ಮ ಕೈ ಇಲ್ಲ.

ಫುಮಿಟೊ ಉಎಡಾ ನಿರ್ದೇಶನದ 'ಶ್ಯಾಡೋ ಆಫ್ ದ ಕಲೋಸಸ್' (2005) ಕೂಡ ಕೈಯ ಆಟವೇ. ಸತ್ತ ಹುಡುಗಿಯನ್ನು ಬದುಕಿಸಲು ಯುವಕನೊಬ್ಬ 16 ಮಹಾಕಾಯ ಜೀವಿಗಳನ್ನು ಕೊಲ್ಲಬೇಕು. ಆ ವಿಶಾಲವಾದ ಬಯಲಿನಲ್ಲಿ ಕಾದಾಡಲು ಬೇರೆ ಶತ್ರುಗಳೇ ಇಲ್ಲ. ಕುದುರೆಯ ಮೇಲೆ ಬಹಳ ಹೊತ್ತು ಸುಮ್ಮನೆ ಹೋಗುತ್ತ ಯೋಚಿಸುವುದಷ್ಟೇ ಕೆಲಸ. ಜೀವಿಯ ಮೈಮೇಲೆ ಹತ್ತಿ ಕೂದಲು ಹಿಡಿದು ತೂಗಾಡುವಾಗ ಒಂದು ಗುಂಡಿಯನ್ನು ಬಿಡದೆ ಒತ್ತಿ ಹಿಡಿದಿರಬೇಕು, ಬೆರಳು ನಿಜವಾಗಿಯೂ ನೋಯುತ್ತದೆ. ಕೊಂದಮೇಲೆ ಜಯಭೇರಿ ಇಲ್ಲ, ಶೋಕದ ಸಂಗೀತವಿದೆ. ಒಂದೊಂದು ಕೊಲೆಯ ನಂತರವೂ ಯುವಕನ ಚರ್ಮ ಬಿಳುಚಿ, ಮುಖ ಕಂದುತ್ತ ಹೋಗುತ್ತದೆ, ಮತ್ತು ಅದನ್ನು ಆಟ ಎಲ್ಲೂ ಬಾಯಿಬಿಟ್ಟು ಹೇಳುವುದಿಲ್ಲ.

ಈ ಸಭೆಯಲ್ಲಿ ಶಿಕ್ಷಕರೂ ತಾಯ್ತಂದೆಯರೂ ಇದ್ದೀರಿ. ಮಕ್ಕಳು ಆಡುವ ಆಟದಲ್ಲಿ ಎಷ್ಟು ರಕ್ತ ಹರಿಯುತ್ತದೆ ಎಂದು ನೀವು ವಿಚಾರಿಸುತ್ತೀರಿ, ವಿಚಾರಿಸಬೇಕಾದದ್ದೇ. ಅದರ ಜೊತೆಗೆ ಆ ಆಟ ಏನನ್ನು ಎಣಿಸುತ್ತಿದೆ ಎಂದೂ ಕೇಳಬೇಕೆಂದು ನನ್ನ ವಿನಂತಿ. ಹಣ್ಣು ಜೋಡಿಸುವ, ಬಣ್ಣದ ಗೋಲಿ ಒಡೆಯುವ, ಹನಿ ರಕ್ತವೂ ಇಲ್ಲದ ಉಚಿತ ಆಟಗಳಿವೆ. ಐದು ಸಲ ಸೋತ ಮೇಲೆ ಅರ್ಧ ಗಂಟೆ ಕಾಯಿರಿ, ಇಲ್ಲವೇ ಹಣ ಕೊಡಿ ಎನ್ನುತ್ತವೆ. ಅಂಥ ಆಟ ಎಣಿಸುತ್ತಿರುವುದು ಮಗುವಿನ ತಾಳ್ಮೆ ಎಷ್ಟು ಹೊತ್ತಿಗೆ ಮುರಿಯುತ್ತದೆ ಎಂಬುದನ್ನು. ಹಿಂದೆ ನಾನಿದ್ದ ಕಂಪನಿಯೊಂದರಲ್ಲಿ ಅಂಥ ಗಡಿಯಾರವನ್ನು ನಾನೇ ಬರೆದುಕೊಟ್ಟಿದ್ದೇನೆ. ಎಷ್ಟು ನಿಮಿಷ ಕಾಯಿಸಿದರೆ ಹೆಚ್ಚು ಜನ ಹಣ ಕೊಡುತ್ತಾರೆ ಎಂದು ಅಳೆಯುವ ಸಭೆಗಳಲ್ಲಿ ಕುಳಿತಿದ್ದೇನೆ. ಅದನ್ನು ಬಿಟ್ಟು ಬಂದದ್ದಕ್ಕೆ ನನಗೆ ಸಮಾಧಾನವಿದೆ, ಬರೆದದ್ದಕ್ಕೆ ಇಲ್ಲ. ಇನ್ನೊಂದು ಕಡೆ, ಮುತ್ತಿಗೆಗೆ ಸಿಕ್ಕ ನಗರದಲ್ಲಿ ಸಾಮಾನ್ಯ ಜನ ಬದುಕುಳಿಯಲು ಹೆಣಗುವ 'ದಿಸ್ ವಾರ್ ಆಫ್ ಮೈನ್' ಎಂಬ 2014ರ ಆಟವನ್ನು, ಅದು ತಯಾರಾದ ಪೋಲೆಂಡ್ ದೇಶದ ಸರ್ಕಾರ ಶಾಲಾ ಓದಿನ ಪಟ್ಟಿಗೆ ಸೇರಿಸುವುದಾಗಿ 2020ರಲ್ಲಿ ಪ್ರಕಟಿಸಿತು. ಅದರಲ್ಲಿ ಮುದುಕ ದಂಪತಿಯ ಮನೆಗೆ ನುಗ್ಗಿ ಅನ್ನ ಕದ್ದು ತಂದವನು ಹೊಟ್ಟೆ ತುಂಬಿದ ಮೇಲೂ ಕುಗ್ಗಿ ಕೂರುತ್ತಾನೆ, ಹೇಳಿದ ಕೆಲಸಕ್ಕೆ ಏಳುವುದಿಲ್ಲ.

ಕೊನೆಯದಾಗಿ, ಕಿಂಡಿಯ ಮುಂದೆ ನಿಂತಾಗಿನಿಂದ ನನ್ನ ತಲೆಯಲ್ಲಿ ಓಡುತ್ತಿರುವ ಆಟವನ್ನು ನಿಮ್ಮ ಮುಂದಿಡುತ್ತೇನೆ. ಓಬವ್ವನ ಕಥೆಯನ್ನು ಆಟವಾಗಿ ಮಾಡುವುದಾದರೆ ಕಟ್ಟಳೆ ಏನಿರಬೇಕು? ತಲೆ ಕಂಡಾಗ ಗುಂಡಿ ಒತ್ತು, ಅಂಕ ಪಡೆ ಎಂಬುದು ಮೊದಲು ಹೊಳೆಯುವ ಉಪಾಯ, ಅದು ಆಕೆಗೆ ಮಾಡುವ ಅವಮಾನ. ಕೊಲ್ಲುವೆಯಾ ಬಿಡುವೆಯಾ ಎಂದು ಎರಡು ವಾಕ್ಯಗಳನ್ನು ತೋರಿಸುವುದು ಇನ್ನೂ ಸುಳ್ಳು, ಏಕೆಂದರೆ ಬೆನ್ನ ಹಿಂದೆ ಇಡೀ ಊರು ಇದ್ದವಳಿಗೆ ಅಂಥ ಬಿಡುವು ಇರಲಿಲ್ಲ. ನನಗೆ ಅನಿಸುವುದು, ಆಟ ಶುರುವಾಗಬೇಕಾದದ್ದು ಒರಳಿನಿಂದ. ಬೆಳಗಿನ ಹೊತ್ತು, ಭತ್ತವೋ ನವಣೆಯೋ, ಒನಕೆಯನ್ನು ಎತ್ತಲು ಗುಂಡಿ ಒತ್ತಬೇಕು, ಬಿಡಲು ಬೆರಳು ಸಡಿಲಿಸಬೇಕು, ಲಯ ತಪ್ಪಿದರೆ ಕಾಳು ಚೆಲ್ಲುತ್ತದೆ. ಆಟಗಾರನ ಕೈಗೆ ಆ ಲಯ ಕೂಡಿಬರುವ ತನಕ ಬೇರೇನೂ ಆಗುವುದಿಲ್ಲ. ಆಮೇಲೆ ಗಂಡನಿಗೆ ಬಡಿಸುವುದು, ಕೊಡ ಎತ್ತಿಕೊಂಡು ತಣ್ಣೀರು ದೋಣಿಯ ಕಡೆಗೆ ನಡೆಯುವುದು, ಸಂದಿಯಲ್ಲಿ ಸದ್ದು ಕೇಳುವುದು, ಓಡಿ ಬಂದು ಒನಕೆ ಹಿಡಿಯುವುದು. ಕಿಂಡಿಯ ಪಕ್ಕದಲ್ಲಿ ನಿಂತಾಗ ಒತ್ತಬೇಕಾದದ್ದು ಅದೇ ಗುಂಡಿ, ಬೇಕಾದದ್ದು ಅದೇ ಲಯ. ಬೆಳಿಗ್ಗೆ ಕಲಿತ ಕೈಗೆ ಹೊಸದಾಗಿ ಕಲಿಯುವುದು ಏನೂ ಇಲ್ಲ.

ಹೊಡೆಯುವುದು ಕ್ಷಣದ ಕೆಲಸ. ಕಥೆಯಲ್ಲಿ ನಾವು ಬೇಗ ದಾಟಿಬಿಡುವ ಇನ್ನೊಂದು ಕೆಲಸವಿದೆ: ಹಿಂದೆ ಬರುವವನಿಗೆ ಸಂಶಯ ಬಾರದಂತೆ ಹೆಣವನ್ನು ಪಕ್ಕಕ್ಕೆ ಎಳೆದು ಹಾಕುವುದು. ಆಟದ ಬಹುಪಾಲು ಸಮಯ ಇದಕ್ಕೇ ಹೋಗಬೇಕು. ಗುಂಡಿಯನ್ನು ಒತ್ತಿ ಹಿಡಿದು, ಇಂಚಿಂಚಾಗಿ, ಕಿಂಡಿಯ ಮೇಲೆ ಒಂದು ಕಣ್ಣಿಟ್ಟು ಎಳೆಯಬೇಕು. ಜಾಗ ತುಂಬುತ್ತ ಹೋದಂತೆ ಕಾಲಿಡಲು ಸಂದು ಹುಡುಕಬೇಕು. ಪರದೆಯ ಮೇಲೆ ಎಲ್ಲಿಯೂ ಅಂಕಿ ಬರಬಾರದು. ಊಟ ಮುಗಿಸಿದ ಗಂಡ ಬಂದಮೇಲೆ, ಕಹಳೆ ಮೊಳಗಿದ ಮೇಲೆ, ಆಟ ನಮ್ಮನ್ನು ಮತ್ತೆ ಅಂಗಳಕ್ಕೆ ಕರೆತರುತ್ತದೆ. ಒರಳಿನಲ್ಲಿ ಅರ್ಧ ಕುಟ್ಟಿದ ಕಾಳು ಹಾಗೆಯೇ ಇರುತ್ತದೆ, ಒನಕೆ ಕೈಯಲ್ಲೇ ಇರುತ್ತದೆ, ಗುಂಡಿಯೂ ಕೆಲಸ ಮಾಡುತ್ತಿರುತ್ತದೆ. 1779ರಲ್ಲಿ ಕೋಟೆ ಹೈದರಾಲಿಯ ವಶವಾಯಿತು ಎಂಬುದನ್ನು ಆಟ ಹೇಳಬೇಕೋ ಬೇಡವೋ ಎಂದು ನಾನಿನ್ನೂ ತೀರ್ಮಾನಿಸಿಲ್ಲ.

ಉಪನ್ಯಾಸ ಮುಗಿದ ಮೇಲೆ ಪ್ರಶ್ನೆಗಳಿಗೆ ಸಮಯವಿತ್ತು. ಹಿಂದಿನ ಸಾಲಿನಲ್ಲಿದ್ದ ವಿದ್ಯಾರ್ಥಿನಿಯೊಬ್ಬಳು ಎದ್ದು, "ಸರ್, ಕಿಂಡಿಯ ಆಚೆಯಿಂದ ಆಡಿದರೆ ಹೇಗಿರುತ್ತದೆ?" ಎಂದು ಕೇಳಿದಳು. ನಾನು ಅದನ್ನು ಯೋಚಿಸಿರಲಿಲ್ಲ, ಹಾಗೆಂದೇ ಹೇಳಿ, ಅವಳೇ ಹೇಳಲಿ ಎಂದು ಕೇಳಿಕೊಂಡೆ. ಅವಳು ಹೇಳಿದ್ದನ್ನು ಆ ರಾತ್ರಿಯೇ ಬರೆದಿಟ್ಟುಕೊಂಡೆ. ಆಟಗಾರ ಹೈದರಾಲಿಯ ಸೈನಿಕ. ಕತ್ತಲೆಯ ಸಂದಿಯಲ್ಲಿ ಹೊಟ್ಟೆಯ ಮೇಲೆ ತೆವಳುತ್ತಿದ್ದಾನೆ, ಹಿಂದೆ ಸಾಲು ನಿಂತಿರುವುದರಿಂದ ಹಿಂದಕ್ಕೆ ಹೋಗುವಂತಿಲ್ಲ, ಇರುವುದು ಮುಂದೆ ತೆವಳುವ ಗುಂಡಿ ಒಂದೇ. ಕಣ್ಣೆದುರು ಕಾಣುವುದು ಮುಂದಿನವನ ಎರಡು ಪಾದಗಳು. ಅವು ಸ್ವಲ್ಪ ಹೊತ್ತು ಅಲ್ಲಾಡದೆ ನಿಲ್ಲುತ್ತವೆ. ಆಮೇಲೆ ಮೆಲ್ಲಗೆ ಒಳಗೆ ಸರಿಯುತ್ತವೆ, ತಾನಾಗಿ ಹೋದನೋ ಯಾರೋ ಎಳೆದರೋ ತಿಳಿಯದ ಹಾಗೆ.